ಚೀಲಕ್ಕೊಂದು ಬೆನ್ನು

ಹೊಲಿಗೆ ಮಷಿನ್ನಿನ ಪಕ್ಕದಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕತ್ತಿನ ನೋವು ಕಡಿಮೆಯಾಯಿತಾ? ಈಗ ನೀನು ಕೂತು ಹೊಲಿಯುವವಳಲ್ಲ, ನಿಂತು ಕಾಯುವ ಸೂಪರ್‌ವೈಸರು. ನೋವು ಕತ್ತಿನಿಂದ ಇಳಿದು ಕಾಲಿಗೆ ಬಂದಿರಬೇಕು. ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ಕುಹಕವಲ್ಲ, ನಿಜಕ್ಕೂ ಹೇಳುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ನನ್ನ ಕೆಮ್ಮು ಹೋಗಿದೆ, ಬಾಯಿ ಹಾಗೇ ಇದೆ.

ವಿಷಯ ಇಷ್ಟು. ಮುಂದಿನ ತಿಂಗಳು ಮಷಿನ್ ರಿಪೇರಿಗೆಂದು ಕಂಪನಿಯ ಎರಡೂ ಕಾರ್ಖಾನೆ ಬಾಗಿಲು ಹಾಕುತ್ತವಲ್ಲ, ಆ ರಜೆಯಲ್ಲಿ ನಾನು ಗುಡ್ಡಸಾಲು ಹಿಡಿದು ಸಮುದ್ರದವರೆಗೆ ನಡೆಯುತ್ತೇನೆ. ಹೌದು, ಅದೇ ದಾರಿ. ನಮ್ಮ ಹೊಲಿಗೆ ವಿಭಾಗದ ಗೋಡೆಯ ಪೋಸ್ಟರಿನಲ್ಲಿ ಇಬ್ಬರು ಹಲ್ಲು ಬಿಟ್ಟುಕೊಂಡು ನಿಂತಿದ್ದಾರಲ್ಲ, ಬೆನ್ನಿಗೆ ನಾವೇ ಹೊಲಿದ ಚೀಲ ಹಾಕಿಕೊಂಡು, ಅದೇ. ನಾನು ಹೊಲಿದದ್ದನ್ನು ನಿನ್ನ ಬೆನ್ನಿಗೆ, ನೀನು ಹೊಲಿದದ್ದನ್ನು ನನ್ನ ಬೆನ್ನಿಗೆ ಹಿಡಿದು ಅಳತೆ ನೋಡಿದ ಮೇಲೇ ಆ ಚೀಲಗಳು ಗುಡ್ಡಕ್ಕೆ ಹೋಗುತ್ತಿದ್ದದ್ದು. ನಾವು ಮಾತ್ರ ಸ್ಟೂಲಿನಿಂದ ಎದ್ದು ಬಸ್ ಸ್ಟಾಪಿಗೆ ಹೋಗುತ್ತಿದ್ದೆವು. "ಒಂದು ಸಲ ಚೀಲದ ಜೊತೆ ನಾವೂ ಹೋಗೋಣ ಕಣೇ" ಅಂದವಳು ನೀನು. ಗುಡ್ಡ ಯಾರಪ್ಪನ ಆಸ್ತಿಯೂ ಅಲ್ಲ. ದುಡ್ಡಿದ್ದವರು ಹತ್ತಿದರೆ ಹವ್ಯಾಸ, ನಾವು ಹತ್ತಿದರೆ ಹುಚ್ಚು ಅನ್ನುವವರ ಬಾಯಿಗೆ ನಾನು ಹೆದರುವುದಿಲ್ಲ.

ಅಂಗಡಿಯಲ್ಲಿ ಆ ಚೀಲದ ಬೆಲೆ ನನ್ನ ಸಂಬಳವನ್ನು ನುಂಗಿ ನೀರು ಕುಡಿಯುತ್ತದೆ. ಹಾಗಾಗಿ ಗುಜರಿಯವನ ಹತ್ತಿರ ಹೋದೆ. ನಮ್ಮ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಬಟ್ಟೆಯನ್ನೆಲ್ಲ ಕೊಳ್ಳುವವನು ಅವನೇ. ತೂಕದ ಲೆಕ್ಕದಲ್ಲಿ ಒಂದು ಮೂಟೆ ತಂದೆ. ನೀಲಿ, ಬೂದು, ಕಿತ್ತಳೆ, ಕೈಗೆ ಬಂದದ್ದು. ಚೀಲ ನೋಡಲು ತೇಪೆ ಹಾಕಿದ ಗಿಣಿಯ ಹಾಗಿದೆ, ಆದರೆ ಒಂದು ಹೊಲಿಗೆಯೂ ಬಿಚ್ಚುವುದಿಲ್ಲ. ಪಟ್ಟಿಯ ಬುಡಕ್ಕೆ ನೀನು ಹೊಡೆಯುತ್ತಿದ್ದ ಹಾಗೇ ಎರಡೆರಡು ಸಲ ಹೊಡೆದಿದ್ದೇನೆ. ಗುಡಾರವೂ ಆ ಮೂಟೆಯಲ್ಲೇ ಆಯಿತು. ಡಬ್ಬಿ ಕೊರೆದು ಒಲೆ ಮಾಡಿಕೊಂಡೆ. ಕಾರ್ಖಾನೆ ಕೊಟ್ಟ ಹಳೆ ಬೂಟಿಗೆ ಚಪ್ಪಲಿ ಹೊಲಿಯುವಾತ ಟೈರಿನ ಅಟ್ಟೆ ಹಾಕಿಕೊಟ್ಟ. ಇದು ನಿಮಗಿಂತ ಜಾಸ್ತಿ ಬಾಳುತ್ತದೆ ಅಂತ ಆಶೀರ್ವಾದವನ್ನೂ ಮಾಡಿದ.

ಭಾರ ಹೊರುವುದು ರೂಢಿಯಾಗಲಿ ಎಂದು ಚೀಲಕ್ಕೆ ಇಟ್ಟಿಗೆ ತುಂಬಿ ನಡೆದೇ ಕೆಲಸಕ್ಕೆ ಹೋಗಿಬರುತ್ತಿದ್ದೇನೆ. ಸಂಜೆ ಹೊರಗೆ ಹೋಗುವಾಗ ಗೇಟಿನ ವಾಚ್‌ಮನ್ ನಮ್ಮ ಚೀಲ ಬಿಚ್ಚಿಸಿ ನೋಡುತ್ತಾನಲ್ಲ, ಇಟ್ಟಿಗೆ ಕಂಡು ತಬ್ಬಿಬ್ಬಾದ. ಕಾರ್ಖಾನೆಯನ್ನೇ ಕಿತ್ತು ಒಂದೊಂದಾಗಿ ಹೊತ್ತೊಯ್ಯುತ್ತಿದ್ದೀನಿ ಅಂದೆ. ಈಗ ಬೆಳಗ್ಗೆ ಒಳಗೆ ಬರುವಾಗಲೂ ಇಟ್ಟಿಗೆ ಎಣಿಸಿಕೊಳ್ಳುತ್ತಾನೆ. ಪಟ್ಟಿಗಳು ಮಾತ್ರ ಭುಜದಿಂದ ಜಾರುತ್ತವೆ. ಬಿಗಿ ಮಾಡಿದೆ, ಒಳಗೆ ಸ್ಪಂಜು ಇಟ್ಟೆ, ಆದರೂ ಜಾರುತ್ತವೆ.

ಅಮ್ಮ ದಿನವಿಡೀ ಬೈಯುತ್ತಾಳೆ. ಬೈಯುತ್ತಲೇ ಅನ್ನ ಬೇಯಿಸಿ, ಮಹಡಿಯ ಮೇಲೆ ಒಣಹಾಕಿ, ಕಾಗೆ ಓಡಿಸುತ್ತಾ ಕೂರುತ್ತಾಳೆ. ದಾರಿಯಲ್ಲಿ ಬಿಸಿನೀರು ಹುಯ್ದರೆ ಅದು ಮತ್ತೆ ಅನ್ನವಾಗುತ್ತದೆ. ಒಬ್ಬಳೇ ಹೋದವಳು ಗುಡ್ಡದಲ್ಲಿ ಕಾಲು ಮುರಿದುಕೊಂಡರೆ ಕೇಳುವವರು ಯಾರು ಅಂತ ಅವಳ ಪ್ರಶ್ನೆ. ಭಾಷಣ ಬಿಗಿದು ತೀರಿಸುವ ಪ್ರಶ್ನೆಯಲ್ಲ ಅದು.

ಇನ್ನು ನಮ್ಮ ವಿಷಯ. ಮುಷ್ಕರದಲ್ಲಿ ನಾವೆಲ್ಲ ಗೇಟಿನ ಹೊರಗೆ ಕೂತಿದ್ದಾಗ ನೀನು ಸೂಪರ್‌ವೈಸರ್ ಕೆಲಸ ಒಪ್ಪಿಕೊಂಡು ಆ ಊರಿನ ಇನ್ನೊಂದು ಕಾರ್ಖಾನೆಗೆ ಹೋದೆ. ಎಲ್ಲರೆದುರು ನಿನ್ನನ್ನು ಕಂಪನಿಯ ಚಮಚ ಅಂದೆ. ಆ ಮಾತು ವಾಪಸ್ ತೆಗೆದುಕೊಳ್ಳಲು ಈ ಕಾಗದ ಬರೆಯುತ್ತಿಲ್ಲ. ಇವತ್ತೂ ಅದನ್ನೇ ಅನ್ನುತ್ತೇನೆ. ಅಮ್ಮನ ಔಷಧಿ ಬರುತ್ತಿರುವುದು ಆ ಸಂಬಳದಿಂದಲೇ ಅನ್ನುವುದೂ ನನಗೆ ಗೊತ್ತು. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಒರೆಸಿಹಾಕಲು ನನಗೆ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಕೆಳಗಿನ ಹುಡುಗಿಯರು ಬಾತ್‌ರೂಮಿಗೆ ಹೋಗಲು ಅಪ್ಪಣೆ ಕೇಳುತ್ತಾ ನಿಲ್ಲುವ ಹಾಗೆ ಮಾಡಬೇಡ. ಅಮ್ಮ ನಿನಗೆ ಒಳ್ಳೆಯದಾಗಲಿ ಅಂದಿದ್ದಾಳೆ. ನನಗೂ ಅದೇ ಬೇಕು.

ನಿನ್ನ ತಂಗಿ,
ನೀನೇ ಹೆಸರಿಟ್ಟ ಬಾಯಿಬಡುಕಿ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ, ಚೀಲ ಹೊತ್ತು ನಿಂತ ನನ್ನನ್ನು ಅಮ್ಮ ಹಿಂದಿನಿಂದ ನೋಡಿ, "ಜಾರದೆ ಇನ್ನೇನು? ಇದು ನಿನ್ನ ಅಕ್ಕನ ಬೆನ್ನು ಕಣೇ" ಅಂದಳು. ಟೇಪು ಹಿಡಿದೆ. ನಿಜ. ಅಷ್ಟು ವರ್ಷ ನಿನ್ನ ಬೆನ್ನ ಮೇಲೇ ಅಳತೆ ನೋಡಿದ ಕೈ, ನನ್ನನ್ನು ಒಂದು ಮಾತೂ ಕೇಳದೆ ನಿನಗೇ ಕತ್ತರಿಸಿಬಿಟ್ಟಿದೆ. ಬಿಚ್ಚಿ ಹೊಲಿಯೋಣವೆಂದು ಕೂತೆ, ಬಿಚ್ಚಲಿಲ್ಲ. ಮೂಟೆಯಲ್ಲಿ ಇನ್ನೊಂದು ಚೀಲಕ್ಕಾಗುವಷ್ಟು ಬಟ್ಟೆ ಇದೆ. ಆದರೆ ನನ್ನ ಬೆನ್ನಿಗೆ ಹಿಡಿದು ನೋಡುತ್ತಿದ್ದವಳು ನೀನು; ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ. ರಜೆ ಶುರುವಾಗುವ ದಿನವೇ ಬಾ. ನಡೆಯುತ್ತಾ ಜಗಳ ಆಡೋಣ, ದಾರಿ ಸಾಕಷ್ಟು ಉದ್ದವಿದೆ. ಬರುವಾಗ ಕಿತ್ತಳೆ ದಾರ ತಾ. ಗುಡಾರ ಇಬ್ಬರಿಗಾಗುತ್ತದೆ. ಅದು ಮಾತ್ರ ಕೈತಪ್ಪಿ ಆದದ್ದಲ್ಲ.