ಮೂವತ್ತೊಂದನೆಯ ಹಾಳೆ

ಕೆಲಸದ ಕೋಣೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ? ಹೋಯಿತು ಎಂದು ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಅವಳಿಗೆ ನೀನು ಹೇಳುವುದರಲ್ಲಿ ಅರ್ಧ ಅವಳ ಸಮಾಧಾನಕ್ಕೆ ಎಂಬುದು ನನಗೆ ಗೊತ್ತು. ಕಟ್ಟು ಹಲ್ಲು ಮಾಡುವ ಕೆಲಸದಲ್ಲಿ ಪುಡಿ ಹಾರುತ್ತದಂತೆ, ಮೂಗಿಗೆ ಬಟ್ಟೆ ಕಟ್ಟಿಕೋ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ, ಈ ಕೆಲಸ ಮುಗಿದ ಮೇಲೆ ತೆಗೆಸಬೇಕು. ಹಲ್ಲುಗಳು ಮಾತ್ರ ನಿನ್ನ ವ್ಯಾಪಾರ ಚೆನ್ನಾಗಿ ನಡೆಯಲೆಂದು ಒಂದೊಂದಾಗಿ ಅಲುಗಾಡುತ್ತಿವೆ. ನಾನು ಕಾಗದ ಬರೆಯುವುದನ್ನು ನೋಡಿ ನಿಮ್ಮಮ್ಮ ಎರಡು ಸಲ ಬಾಗಿಲ ತನಕ ಬಂದು, ಏನೂ ಕೇಳದೆ ಹಿಂತಿರುಗಿದಳು. ಏನೂ ಕೇಳದೆ ಇರುವುದು ಅವಳಿಗೆ ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಿಲ್ಲ.

ಪೇಟೆಯ ನಟ್ಟನಡುವೆ, ಹಳೆಯ ಬಸ್ ನಿಲ್ದಾಣವಿತ್ತಲ್ಲ, ಆ ಜಾಗದಲ್ಲಿ ಈಗ ನಲವತ್ತೆರಡು ಮಹಡಿಯ ಕಟ್ಟಡ ಎದ್ದಿದೆ. ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಅದರ ಮೇಲೆ ಮನೆಗಳು. ಮೊದಲ ದಿನ ನೋಡಿ ಮೂಗು ಮುರಿದೆ. ಇಷ್ಟೆತ್ತರದಲ್ಲಿ ಸಂಸಾರ ಮಾಡುವವರು ಕೊತ್ತಂಬರಿ ಸೊಪ್ಪು ಮರೆತು ಬಂದರೆ ಗತಿಯೇನು ಎಂದು ಯೋಚಿಸಿದೆ. ಆದರೆ ಕಟ್ಟಿದವರ ಮನಸ್ಸು ಒಳ್ಳೆಯದು ಮಗಳೇ. ಕಟ್ಟಡ ಮೇಲೆ ಹೋದಂತೆ ಮೂರು ಕಡೆ ಒಳಕ್ಕೆ ಸರಿದಿದೆ, ಎದುರು ಬೀದಿಯ ಹಳೆಯ ಮನೆಗಳಿಗೆ ಬೆಳಗಿನ ಬಿಸಿಲು ತಪ್ಪಬಾರದೆಂದು. ಮುಂದೆ ಬಾಗಿದ ಉದ್ದನೆಯ ಕಂಚಿನ ಬೆಂಚೊಂದಿದೆ, ಅದು ಶಿಲ್ಪವಂತೆ. ಉದ್ಘಾಟನೆಗೆ ಮೊದಲೇ ಜನ ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ, ಕೂತಲ್ಲೆಲ್ಲ ಕಂಚು ಹೊಳೆಯತೊಡಗಿದೆ. ಕೆಳಗೆ ಈ ಬೀದಿಯಿಂದ ಆ ಬೀದಿಗೆ ಒಂದು ಓಣಿ ಬಿಟ್ಟಿದ್ದಾರೆ. ಅದಕ್ಕೆ ಬಾಗಿಲಿಲ್ಲ, ಯಾರು ಬೇಕಾದರೂ ಹಾದುಹೋಗಬಹುದು. ಆ ಓಣಿಯ ಗೋಡೆಯ ಕಲ್ಲಿನ ಚಿತ್ರ ನಮ್ಮದು. ಅರವತ್ತನಾಲ್ಕು ಹಾಳೆ, ಹಾಳೆಗೊಂದು ಹಕ್ಕಿ, ಎಲ್ಲವೂ ನೆಲದ ಹತ್ತಿರದಿಂದ ಎದ್ದು ಎಡದಿಂದ ಬಲಕ್ಕೆ ಹಾರಬೇಕು.

ನಮ್ಮ ಕೆಲಸದ ರೀತಿ ನಿನಗೆ ಗೊತ್ತೇ ಇದೆ. ಕಲ್ಲಿನ ಚೂರುಗಳನ್ನು ಬೋರಲಾಗಿ ಕಾಗದಕ್ಕೆ ಅಂಟಿಸಬೇಕು, ಹಾಳೆಯನ್ನು ಹಸಿ ಗಾರೆಗೆ ಒತ್ತಬೇಕು, ಆಮೇಲೆ ಕಾಗದ ನೆನೆಸಿ ಸುಲಿಯಬೇಕು. ಅಲ್ಲಿಯ ತನಕ ಚಿತ್ರದ ಮುಖ ನಾವೂ ಕಂಡಿರುವುದಿಲ್ಲ. ಹಾಗಾಗಿ ಗೆರೆಗಳನ್ನು ಹಾಳೆಯ ಹಿಂಬದಿಗೆ ಉಲ್ಟಾ ಇಳಿಸಿ, ಅಂಟಿಸಬೇಕಾದ ಬದಿಯ ಅಂಚಿನಲ್ಲಿ ನಾನು ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಹಾಕುತ್ತೇನೆ. ಅದನ್ನು ನಂಬಿಯೇ ಎಲ್ಲರೂ ಕಲ್ಲು ಕೂರಿಸುವುದು. ಸೋಮವಾರ, ಕೊನೆಗೆ ಉಳಿದಿದ್ದ ಮೂವತ್ತೊಂದನೆಯ ಹಾಳೆ ಸುಲಿದೆವು. ಅರವತ್ತಮೂರು ಹಕ್ಕಿ ಆ ಕಡೆ, ಇದೊಂದು ಈ ಕಡೆ! ಗಾರೆ ಬಳಿಯುವ ನಮ್ಮ ಕರಣೆ ಮಾವ ಕೆಲಸದ ನಡುವೆ ಕರಣೆ ಕೆಳಗಿಟ್ಟದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ, ಅವನೂ ಕೆಳಗಿಟ್ಟ. ಅಡ್ಡಗೆರೆ ಹಾಕಿದ್ದು ನಾನು, ಕಲ್ಲು ಅಂಟಿಸಿದ್ದೂ ನಾನೇ. ಇನ್ನೊಬ್ಬರ ತಲೆಗೆ ಕಟ್ಟಲು ದಾರಿಯೇ ಇರಲಿಲ್ಲ.

ಯಾರೂ ಬೈಯಲಿಲ್ಲ. ಕರಣೆ ಮಾವ ಚಹಾ ತಂದುಕೊಟ್ಟ. ಆರ್ಕಿಟೆಕ್ಟ್ ಮೇಡಂ ಓಣಿಯಲ್ಲಿ ಎರಡು ಸಲ ಹೋಗಿ ಬಂದು, "ತೆಗೀಬೇಕೋ ಬಿಡಬೇಕೋ ನೀವೇ ಹೇಳಿ, ತಿಂಗಳ ಕೊನೇ ತನಕ ಟೈಮಿದೆ" ಎಂದರು. ಏಳು ವರ್ಷದ ಹಿಂದೆ ಈಜುಕೊಳದ ಗೋಡೆಯಲ್ಲಿ ನೀನು ಅಂಟಿಸಿದ ದೋಣಿ ಹಿಂದುಮುಂದಾಗಿ ಬಂದ ದಿನ, ಎಂಟು ಜನರೆದುರು, "ನಿನ್ ಕೈಗೆ ಕಲ್ಲು ಕೊಟ್ಟಿದ್ದೇ ನನ್ ತಪ್ಪು" ಎಂದಿದ್ದೆ. ನೀನು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕಲ್ಲಿನ ಪೆಟ್ಟಿಗೆ ಮೇಲಿಟ್ಟು ಹೋದೆ. ಅದು ಈಗಲೂ ಅಲ್ಲೇ ಇದೆ. ನಿಮ್ಮಮ್ಮ ಒಗೆಯಲು ಬಂದರೂ ಮುಟ್ಟಲು ಬಿಟ್ಟಿಲ್ಲ. ಮೊನ್ನೆಯಿಂದ ನಾನು ಮನೆಯಲ್ಲಿ ಒಬ್ಬನೇ ಗೊಣಗುತ್ತಿದ್ದುದನ್ನು ಕೇಳಿ ಅವಳು, "ಗೋಡೆಗ್ಯಾಕೆ ಹೇಳ್ತೀರಿ, ಅವಳಿಗೆ ಬರೀರಿ" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಹಕ್ಕಿಯನ್ನು ಉಳಿಸಬೇಕೋ ಕೀಳಬೇಕೋ, ನನಗೆ ತೋಚುತ್ತಿಲ್ಲ. ನನ್ನ ಮಗಳು ಬಂದು ನೋಡಿ ಹೇಳುತ್ತಾಳೆ ಎಂದು ಮೇಡಂಗೆ ಹೇಳಿಬಿಟ್ಟಿದ್ದೇನೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಸಿಟ್ಟಾಗಬೇಡ. ಒಂದು ಭಾನುವಾರ ಬಂದರೂ ಸಾಕು. ನಿನ್ನನ್ನು ನೋಡದೆ ನನಗೆ ಬಹಳ ಕಷ್ಟವಾಗಿದೆ ಮಗಳೇ. ನಿಮ್ಮಮ್ಮನ ಪ್ರೀತಿ, ಕರಣೆ ಮಾವನ ನೆನಪುಗಳು. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಂಚೆಗೆ ಹೊರಟವನು ಬೀದಿ ತಿರುವಿನಿಂದ ವಾಪಸ್ ಬಂದು ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಇದರ ಜೊತೆ ಒಂದು ಹಳೆಯ ಕಾಗದದ ಚೂರು ಇಟ್ಟಿದ್ದೇನೆ. ಈಜುಕೊಳದ ಗೋಡೆಯಿಂದ ಸುಲಿದ ಹಾಳೆಯ ಅಂಚು ಅದು. ನೀನು ಹೋದ ಮಾರನೆಯ ದಿನ ಕಸ ಎತ್ತುವಾಗ ಸಿಕ್ಕಿತು, ಏಳು ವರ್ಷ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಕೆಂಪು ಅಡ್ಡಗೆರೆ ಯಾವ ಬದಿಗಿದೆ ನೋಡು. ತಪ್ಪು ಬದಿಗೆ ಹಾಕಿದ್ದು ನಾನು. ನೀನು ಅಂಟಿಸಿದ್ದು ಸರಿಯಾಗಿಯೇ ಇತ್ತು.