ಅಕ್ಕನ ಕೈ

ಅಪ್ಪಾ,

ಅಕ್ಕನಿಗೆ ಮತ್ತೆ ನರ್ಸ್ ಕೆಲಸ ಸಿಕ್ಕಿತು, ಅತ್ತಿಗುಪ್ಪೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಜೊತೆಗೆ ನಾನೂ ಹೋಗಿದ್ದೆ. ರೋಗಿಯ ಸರ ಕಳೆದ ಆ ಕೇಸಿನಲ್ಲಿ ಅವಳು ಅರೆಸ್ಟ್ ಆಗಿದ್ದಳೆಂದು ತಿಳಿದ ಕೂಡಲೇ ಹಿಂದಿನ ಐದು ಆಸ್ಪತ್ರೆಯವರೂ ಫೈಲು ಮುಚ್ಚಿದ್ದರು. ಕೋರ್ಟು ಬಿಡುಗಡೆ ಮಾಡಿದ ಆದೇಶವನ್ನು ಯಾರೂ ಓದಿರಲಿಲ್ಲ.

ಇಲ್ಲಿಯ ಮೇಟ್ರನ್ ಪೂರ್ತಿ ಓದಿ, ಕನ್ನಡಕ ತೆಗೆದರು.

"ಕದ್ದಿದ್ಯೇನಮ್ಮ?"

"ಇಲ್ಲ ಮೇಡಂ."

"ಸರಿ. ನನ್ನ ಕೈಲಿ ನರ ಸಿಗಲ್ಲ ಅಂತ ನಮ್ಮ ಹುಡುಗೀರೆಲ್ಲ ಓಡೋಗ್ತಾರೆ. ಶುಗರ್ ಟೆಸ್ಟಿಗೆ ರಕ್ತ ಬೇಕು, ನೀನು ತೆಗಿ ನೋಡೋಣ," ಎಂದು ತೋಳು ಚಾಚಿದರು.

ಅಕ್ಕ ಒಂದೇ ಸಲಕ್ಕೆ ತೆಗೆದಳು.

"ಚುಚ್ಚಿದ್ದೇ ಗೊತ್ತಾಗ್ಲಿಲ್ವಲ್ಲೇ! ಸೋಮವಾರದಿಂದ ಬಾ."

ಬಸ್ಸಿನಲ್ಲಿ ಅಕ್ಕ ಕಿಟಕಿಯತ್ತ ತಿರುಗಿ ಅತ್ತಳು. ನಾನು ಅವಳ ಬ್ಯಾಗು ಹಿಡಿದುಕೊಂಡು ಕೂತಿದ್ದೆ.

ನಿಮ್ಮ ಬದುಕಿನ ಕೊನೆಯ ತಿಂಗಳು ನೀವು, "ಅವಳ ಕೈಲಿ ಇಂಜೆಕ್ಷನ್ ಬೇಡ," ಅಂದಿರಿ. ದಿನಾ ಸಂಜೆ ಮಾರೇನಹಳ್ಳಿಯಿಂದ ಬೇರೆ ನರ್ಸನ್ನು ಕರೆತರುತ್ತಿದ್ದವಳು ನಾನು. ಆಕೆ ಚೆನ್ನಾಗಿ ಚುಚ್ಚುತ್ತಾಳೆ, ನೋವೇ ಆಗುವುದಿಲ್ಲ ಎಂದು ನೀವು ಹೊಗಳುತ್ತಿದ್ದಿರಿ. ನಿಮ್ಮ ಎಡಗೈಯಲ್ಲಿ ಯಾವ ನರ ಸುಲಭವಾಗಿ ಸಿಗುತ್ತದೆಂದು ಮೊದಲ ದಿನವೇ ಮೆಟ್ಟಿಲ ಮೇಲೆ ನಿಂತು ಆಕೆಗೆ ಹೇಳಿಕೊಟ್ಟವಳು ಅಕ್ಕ.

ನಿಮ್ಮ ಚೇತನಾ