ಒಡೆದ ಇಟ್ಟಿಗೆಗಳನ್ನು ಲೆಕ್ಕಕ್ಕೆ ಹಿಡಿಯದ ಕುಲಪತಿಗಳಿಗೆ

ಮಾನ್ಯ ಕುಲಪತಿಗಳೇ,

ನಿಮ್ಮ ಹೊಸ ವಿದ್ಯಾರ್ಥಿನಿಯರ ಹಾಸ್ಟೆಲ್ ನಿಂತಿರುವುದು ಸುಳ್ಳಿನ ಮೇಲೆ. ಅಲಂಕಾರಕ್ಕೆ ಹೇಳುತ್ತಿಲ್ಲ, ಅದರ ಗೋಡೆಗೆ ಬಳಸಿದ ಬೂದಿ ಇಟ್ಟಿಗೆಯ ಪರೀಕ್ಷೆಯ ಫಲಿತಾಂಶವೇ ಸುಳ್ಳು. ಆದರೂ ಮುಂದಿನ ವಾರ ‘ಸಂಶೋಧನೆಯಲ್ಲಿ ಪ್ರಾಮಾಣಿಕತೆ’ ಎಂಬ ಕಾರ್ಯಾಗಾರವನ್ನು ತಾವು ಉದ್ಘಾಟಿಸಲಿದ್ದೀರಂತೆ. ಉಪನ್ಯಾಸ ಕೊಡುವವರು ಆ ಇಟ್ಟಿಗೆಯನ್ನು ಕಂಡುಹಿಡಿದ ಪ್ರಾಧ್ಯಾಪಕರೇ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ. ಮೇಯ್ದ ಮೇಲೆ ಕಾವಲಿನ ಬಗ್ಗೆ ಪಾಠ ಹೇಳುವುದನ್ನು ಈಗ ನೋಡುತ್ತಿದ್ದೇನೆ.

ನನ್ನ ತಂಗಿ ಅವರ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಳು. ಒಣಗಿದ ಇಟ್ಟಿಗೆ ಕಲ್ಲಿನಂತಿರುತ್ತಿತ್ತು. ನೀರಲ್ಲಿ ನೆನೆಸಿಟ್ಟು ಯಂತ್ರದಡಿ ಒತ್ತಿದರೆ ಹಲವು ಬಿರುಕು ಬಿಡುತ್ತಿದ್ದವು.

“ಒಡೆದದ್ದನ್ನ ಬಿಟ್ಬಿಡಮ್ಮ, ಅವು ಅಚ್ಚಲ್ಲೇ ಕೆಟ್ಟಿದ್ವು” ಅಂದರು ಗುರುಗಳು.

“ಎಲ್ಲಾ ಒಂದೇ ಅಚ್ಚಲ್ಲಿ ಮಾಡಿದ್ದು, ಸರ್.”

“ಹಾಗಾದ್ರೆ ನಿನ್ನ ಕೈಯೇ ಸರಿಯಿಲ್ಲ.”

ಅವಳು ನಿಮ್ಮ ಕಚೇರಿಗೇ ಬಂದು ದೂರು ಕೊಟ್ಟಳು. “ಗುರುಗಳ ಜೊತೆ ಹೊಂದ್ಕೊಂಡು ಹೋಗೋದು ಕಲಿ” ಎಂದು ತಾವೇ ಬುದ್ಧಿ ಹೇಳಿದಿರಿ. ಗುರುಗಳು ಅವಳ ಪ್ರಯೋಗಾಲಯದ ಕೀಲಿ ಕಿತ್ತುಕೊಂಡರು. ಗಟ್ಟಿ ಇಟ್ಟಿಗೆಗಳ ಅಂಕಿಗಳಷ್ಟೇ ಉಳಿದ ಅವರ ಪ್ರಬಂಧಕ್ಕೆ ಪ್ರಶಸ್ತಿ ಬಂತು, ಆಮೇಲೆ ಹಾಸ್ಟೆಲೂ ಎದ್ದಿತು. ಬಿಟ್ಟ ಅಂಕಿಗಳು ಎಲ್ಲಿ ಹೋಗುತ್ತವೆ, ಮಾನ್ಯರೇ? ಕಸದ ಬುಟ್ಟಿಗೆ ಎಂದುಕೊಂಡಿರಾ?

ಈ ವರ್ಷ ನನ್ನ ಮಗಳಿಗೆ ಅಲ್ಲೇ ಕೋಣೆ ಸಿಕ್ಕಿತು. ಮಳೆ ಹಿಡಿದ ಮೇಲೆ ಅವಳ ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ. ಸ್ನಾನದ ಮನೆಯ ಗೋಡೆಯ ಬಿರುಕಿನೊಳಗೆ ನನ್ನ ಬೆರಳು ಹೋಯಿತು. ಒಳಗೆ ತಣ್ಣನೆಯ ಒದ್ದೆ ಹಿಟ್ಟು. “ಹೊಸ ಕಟ್ಟಡ ಅಲ್ವಾ, ಸ್ವಲ್ಪ ಮೈ ಮುರಿಯುತ್ತೆ” ಎಂದು ನಕ್ಕರು ವಾರ್ಡನ್. ಮರುದಿನ ಬಿರುಕಿಗೆ ಗಾರೆ ಮೆತ್ತಿ ಬಣ್ಣ ಬಳಿದಿದ್ದರು.

ತಂಗಿಯನ್ನು ಕರೆದೊಯ್ದು ತೋರಿಸಿದೆ. ಹೊಸ ಗಾರೆ ಕೆರೆದು, ಒಳಗಿನ ಹಿಟ್ಟನ್ನು ಬೆರಳಲ್ಲಿ ತಿಕ್ಕಿದವಳ ಮುಖ ಬಿಳಿಚಿಕೊಂಡಿತು.

“ಅಕ್ಕಾ, ಮಗೂನ ಈಗ್ಲೇ ಮನೆಗೆ ಕರ್ಕೊಂಡು ಹೋಗು.”

“ಉಳಿದ ಹುಡುಗೀರು?”

ಮೇಲಿನ ಮಹಡಿಯಲ್ಲಿ ಯಾರೋ ಮಂಚ ಎಳೆದರು. ಚಾವಣಿಯಿಂದ ಸಣ್ಣಗೆ ಪುಡಿ ಉದುರಿತು. ಮಗಳು ಗಂಟುಮೂಟೆ ಕಟ್ಟುವಾಗ ಅವಳ ಕೋಣೆಯ ಗೆಳತಿ ಕೇಳಿದಳು: “ಆಂಟಿ, ನಾನೂ ಹೋಗ್ಬೇಕಾ? ನಂಗೆ ಇಲ್ಲಿ ಬೇರೆ ಜಾಗ ಇಲ್ವಲ್ಲಾ.”

ಕಾರ್ಯಾಗಾರ ಕಾಯಬಹುದು. ಇವತ್ತೇ ಹಾಸ್ಟೆಲ್ ಖಾಲಿ ಮಾಡಿಸಿ. ಇಟ್ಟಿಗೆಯನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಿ, ಒಡೆದದ್ದನ್ನೂ ಲೆಕ್ಕಕ್ಕೆ ಹಿಡಿದು ಫಲಿತಾಂಶ ಪ್ರಕಟಿಸಿ. ಆಗದೆಂದಾದರೆ ಆ ಹುಡುಗಿಯ ಪ್ರಶ್ನೆಗೆ ತಾವೇ ಹೋಗಿ ಉತ್ತರ ಹೇಳಿ. ನನ್ನಿಂದ ಆಗಲಿಲ್ಲ.

ಇಂತಿ,
ತನ್ನ ಮಗಳನ್ನಷ್ಟೇ ಹೊರಗೆ ಕರೆತಂದ ಒಬ್ಬ ತಾಯಿ